ಏಳನೇ ಮಿಕ್ಸ್

ಶೆಫೀಲ್ಡಿನಲ್ಲಿ, ಒಂದು ಕಾಲಕ್ಕೆ ಚಾಕು ಚಮಚ ಮಾಡುತ್ತಿದ್ದ
ಕಟ್ಟಡದ ಮೂರನೇ ಮಹಡಿ, ನನ್ನ ಬಾಡಿಗೆ ಕೋಣೆ.
ಗೋಡೆಗೆ ಹಳೆ ರಜಾಯಿ, ಮೂಲೆಗೆ ಸ್ಪಂಜು.
ಕೆಳಗೆ ಟ್ರಾಮ್ ಹಾದಾಗಲೆಲ್ಲ
ನಲವತ್ತು ಹರ್ಟ್ಸಿನಲ್ಲಿ ನನ್ನ ಚಹದ ಲೋಟ ಮಾತಾಡುತ್ತದೆ.

ಎಂಬತ್ತೊಂದರ ಡೋರೀನ್ ಸ್ಟ್ಯಾನಿಫೋರ್ತ್
ಹನ್ನೊಂದು ಹಾಡು ಹಾಡಿಟ್ಟು ಹೋಗಿದ್ದಾರೆ.
ಹದಿನೈದಕ್ಕೇ ಚಮಚ ಉಜ್ಜಲು ಸೇರಿದವರು,
ಮೈಗೆ ಕಂದು ಕಾಗದ, ತಲೆಗೆ ಕೆಂಪು ಬಟ್ಟೆ ಸುತ್ತಿಕೊಂಡು
ಯಂತ್ರದ ಮೇಲೆ ಹಾಡಿ ಹಾಡಿ ಬಲಿತ ಗಂಟಲು.
ಮೆಲ್ಲಗೆ ಎನ್ನುವುದು ಅದಕ್ಕೆ ತಡವಾಗಿ ಬಂದ ವಿದ್ಯೆ:
ಒಂದು ಸಾಲು ಕೂಗು,
ಮರುಸಾಲು ಬಾಗಿಲ ಹಿಂದಿನ ಪಿಸುಮಾತು.

ಮೊದಲು ಕಂಪ್ರೆಸರ್. ನಾಲ್ಕಕ್ಕೆ ಒಂದು.
ಪಂಕ್ತಿಯಲ್ಲಿ ಎದ್ದು ನಿಂತು ಗಲಾಟೆ ಮಾಡುವ ನೆಂಟನ
ಭುಜ ಒತ್ತಿ ಕೂರಿಸಿದ ಹಾಗೆ.
ಕೂಗು ಕೂತಿತು.
ಅದು ಕೂತ ಮೇಲೆ ಹಿಂದಿನ ಸಾಲಿನವರು ಕಂಡರು:
ಪದ ಮುಗಿಸಿ ಎಳೆದುಕೊಂಡ ಉಸಿರು,
ಉಸಿರಿನೊಳಗೆ ಮರಳು ಸರಿದಾಡುವ ಸದ್ದು,
ಆಗ ಒಳಹೊಕ್ಕ ಧೂಳು
ಈಗಲೂ ಬಾಗಿಲು ಹುಡುಕುತ್ತಿತ್ತು.

ಅಳಿಸಬಹುದಿತ್ತು. ಅಳಿಸಿದೆ, ಮೂರು ಮಿಕ್ಸಿನಲ್ಲಿ.
ಡೋರೀನ್ ಹೆಡ್‌ಫೋನ್ ಕಳಚಿ ಮೇಜಿನ ಮೇಲಿಟ್ಟರು.
"ಯಾರೇ ಈ ಹೆಂಗಸು? ಉಸಿರೇ ಆಡುವುದಿಲ್ಲ."

ಆಮೇಲೆ ಈಕ್ಯೂ, ಅಂದರೆ ಜಾಗದ ತಕರಾರು.
ಇನ್ನೂರೈವತ್ತರ ಆಸುಪಾಸಿನಲ್ಲಿ
ಟೆರೆನ್ಸನ ಅಕಾರ್ಡಿಯನ್ನೂ ಡೋರೀನರ ಎದೆಯೂ
ಒಂದೇ ಬೆಂಚಿಗೆ ಬಂದು ಕೂತಿದ್ದಾವೆ.
ನಾನು ಬಡಿಸುವವಳಲ್ಲ, ಹೆಚ್ಚುವವಳು:
ಅಕಾರ್ಡಿಯನ್ನಿನ ಹೊಟ್ಟೆ ನಾಲ್ಕು ಡೆಸಿಬಲ್ ಕೊಯ್ದೆ.
ಜೊತೆಯಲ್ಲಿ ಕೇಳಿದರೆ ಬೆಂಚು ವಿಶಾಲ.
ಒಂಟಿಯಾಗಿ ಕೇಳಿದರೆ ಜ್ವರದಿಂದೆದ್ದವನ ದನಿ.
ಇದನ್ನು ಟೆರೆನ್ಸನಿಗೆ ಹೇಗೆ ಹೇಳುವುದು?
ಇನ್ನೂ ಹೇಳಿಲ್ಲ.

ಏಳು ಸಾವಿರದಲ್ಲಿ ಆಕೆಯ ಸಕಾರ ಸೂಜಿ.
"ಹಲ್ಲುಸೆಟ್ಟು ಹೊಸದು ಕಣೇ, ಕ್ಷಮಿಸು" ಎಂದರು.
ಎರಡು ಡೆಸಿಬಲ್ಲಿನಷ್ಟು ಕ್ಷಮಿಸಿದೆ.

ಕೊನೆಗೆ ರಿವರ್ಬ್.
ಕೊಂಡ ಪೆಟ್ಟಿಗೆಯಲ್ಲಿ ಏನುಂಟು ಏನಿಲ್ಲ,
ಗುಹೆ, ಸಭಾಂಗಣ, ಬಚ್ಚಲು, ಇಗರ್ಜಿ.
ನಾಲ್ಕು ಸೆಕೆಂಡಿನ ಇಗರ್ಜಿ ಹಾಕಿದೆ.
"ನಾನಿನ್ನೂ ಸತ್ತಿಲ್ಲ" ಎಂದರು.
ಪೂರ್ತಿ ಒಣಗಿಸಿದೆ.
"ಬೀರುವಿನಲ್ಲಿಟ್ಟು ಬೀಗ ಹಾಕಿದೆಯಾ?"
ಮತ್ತೆಲ್ಲಿ ನಿಲ್ಲಿಸಲಿ ನಿಮ್ಮನ್ನು, ಕೇಳಿದೆ,
ಸಿಟ್ಟು ಬಂದಿತ್ತು, ಆರನೇ ಮಿಕ್ಸ್ ಅದು.
ಡೋರೀನ್ ಬೆರಳು ಮಾಡಿ ನೆಲ ತೋರಿಸಿದರು.

ಇದೇ ಕಟ್ಟಡ. ಹಿಂಬದಿಯ ಕಲ್ಲು ಮೆಟ್ಟಿಲು.
ಮಧ್ಯಾಹ್ನದ ಗಂಟೆಗೆ ಅರವತ್ತು ಹುಡುಗಿಯರು
ಎಣ್ಣೆ ಮುಖದಲ್ಲಿ ಇಳಿಯುತ್ತ ಹಾಡುತ್ತಿದ್ದ ಮೆಟ್ಟಿಲು.
ಲಿಫ್ಟಿಗಾಗಿ ಮೇ ತಿಂಗಳಲ್ಲಿ ಒಡೆಯುತ್ತಾರಂತೆ,
ಬಾಗಿಲಿಗೆ ನೋಟೀಸು ಅಂಟಿಸಿದ್ದಾರೆ.

ಎರಡನೇ ತಿರುವಿನಲ್ಲಿ ಮೈಕು ಇಟ್ಟೆ.
ಕೆಳಗೆ ಡೋರೀನ್, ಒಂದು ಕೈಯಲ್ಲಿ ಹಳದಿ ಬಲೂನು,
ಇನ್ನೊಂದರಲ್ಲಿ ಕೋಟಿನ ಬ್ರೋಚು.
ಉಸಿರು ಬಿಗಿಹಿಡಿ ಎಂದು ನನಗೇ ಸನ್ನೆ ಮಾಡಿ
ಚುಚ್ಚಿದರು.

ಮೊದಲು ಗೋಡೆ ಓಗೊಟ್ಟಿತು, ಒಡನೆ ಕಬ್ಬಿಣದ ಕಟಕಟೆ.
ಆಮೇಲೆ ಮೇಲುಗಡೆ, ಯಾರೋ ಇಳಿಯುವುದೋ ಬೇಡವೋ
ಎಂದು ಯೋಚಿಸಿ ನಿಂತ ಹಾಗೆ
ಎರಡು ಸೆಕೆಂಡಿಗೆ ಚೂರು ಕಡಿಮೆ.
ಹಿಂದೆಯೇ ಟ್ರಾಮು. ಅದನ್ನು ಕತ್ತರಿಸಿದೆ, ಬಹುಪಾಲು.

ಆ ಸದ್ದಿನ ಸಿಪ್ಪೆಯನ್ನು ಯಂತ್ರಕ್ಕೆ ಕೊಟ್ಟೆ.
ಹತ್ತೊಂಬತ್ತು ಪಾಲು ಮೆಟ್ಟಿಲು,
ಉಳಿದದ್ದು ಡೋರೀನ್, ಮರಳುಸಮೇತ.

ಕಣ್ಣು ತೆರೆದೇ ಕೇಳಿದರು.
ಹಾಡು ನಿಂತಿತು, ಮೆಟ್ಟಿಲು ನಿಲ್ಲಲಿಲ್ಲ;
ಅದೂ ಇಳಿದು ಮುಗಿಯುವವರೆಗೆ
ಹೆಡ್‌ಫೋನಿನ ಮೇಲೆ ಎರಡೂ ಅಂಗೈ ಒತ್ತಿಕೊಂಡಿದ್ದರು.
ನಾನು ಲೋಟ ನೋಡುತ್ತಿದ್ದೆ.

ಬಹಳ ಹೊತ್ತಿನ ಮೇಲೆ,
"ಟೆರೆನ್ಸ್ ಸ್ವಲ್ಪ ಜೋರಾದ" ಎಂದರು.